ನನ್ನ ಮುಂದೆ ಮಾತ್ರ ತೆಗೆದಿಡುವ ಕಿವಿ

ರಾಯಚೂರಿನ ನಮ್ಮ ಓಣಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ನಾನು ‘ಕಿವುಡಿ ಬಾಯಿ’. ಕಿವುಡಿ ಎಂದರೆ ನನ್ನ ಅಕ್ಕ, ಅವಳ ಬಾಯಿ ಎಂದರೆ ನಾನು. ಈ ಹೆಸರಿನ ಮೊದಲ ಅರ್ಧ ಕೇಳಿದರೆ ಮೈ ಉರಿಯುತ್ತಿತ್ತು, ಅಂದವರ ಜೊತೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಎರಡನೆಯ ಅರ್ಧ ಮಾತ್ರ ನನಗೆ ಬಂಗಾರದ ಮೂಗುಬೊಟ್ಟಿನಷ್ಟು ಹೆಮ್ಮೆಯದು.

ಅಕ್ಕನಿಗೆ ಆರು ವರ್ಷ ಆಗಿದ್ದಾಗ ಬಂದ ಜ್ವರ, ಹೋಗುವಾಗ ಅವಳ ಕಿವಿಯನ್ನೂ ತೆಗೆದುಕೊಂಡು ಹೋಯಿತು. ನಾನಾಗ ನಾಲ್ಕು ವರ್ಷದ ಕೂಸು. ಜ್ವರದಲ್ಲಿ ಮಲಗಿದವಳ ತಲೆಯ ಹತ್ತಿರ ಕುಳಿತು, “ಯಕ್ಕಾ ಏಳ, ಆಡಾಕ ಹೋಗಮು” ಎಂದು ದಿನವೆಲ್ಲ ರಗಳೆ ಮಾಡುತ್ತಿದ್ದೆನಂತೆ. ನನಗದು ನೆನಪಿಲ್ಲ, ಅವ್ವ ಹೇಳಿದ್ದು. ಜ್ವರ ಬಿಟ್ಟು ಎದ್ದು ಕುಳಿತ ಮೇಲೆ ಯಾರು ಎಷ್ಟು ಕೂಗಿದರೂ ಅಕ್ಕ ತಿರುಗಲಿಲ್ಲ. ಹತ್ತಿರದಲ್ಲಿ ಹಲಗೆ ಬಾರಿಸಿದರೆ ಅಷ್ಟಿಷ್ಟು ತಿಳಿಯುತ್ತಿತ್ತು. ಮನುಷ್ಯರ ಮಾತು ಒಂದೂ ಕೇಳುತ್ತಿರಲಿಲ್ಲ.

ಆರು ವರ್ಷದವರೆಗೆ ಕಲಿತ ಮಾತು ಅವಳಲ್ಲಿ ಉಳಿದಿತ್ತು. ಆದರೆ ತನ್ನ ದನಿ ತನಗೇ ಕೇಳದೆ ಆ ಮಾತು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಹೋಗಿ, ಕೊನೆಗೆ ನನ್ನೊಬ್ಬಳಿಗೆ ಮಾತ್ರ ತಿಳಿಯುವಂತಾಯಿತು. ಅವಳು ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಮಿಕ್ಕಿದ್ದಕ್ಕೆ ಕೈಗಳಿದ್ದವು. ನಮ್ಮವರಿಗೆಲ್ಲ ಒಂದೊಂದು ಗುರುತು ಇಟ್ಟಿದ್ದಳು. ಮೊಣಕಾಲು ಸವರಿದರೆ ಅವ್ವ, ಅವಳಿಗೆ ಸದಾ ಮೊಣಕಾಲು ನೋವು. ಕಾಲರ್ ಎಳೆದರೆ ಅಣ್ಣ, ಅವನಿಗೆ ಅಂಗಿಯದೇ ಚಿಂತೆ. ಹೆಬ್ಬೆರಳು ಗದ್ದಕ್ಕೆ ಮುಟ್ಟಿಸಿದರೆ ನಾನು. ಚಿಕ್ಕಂದಿನಲ್ಲಿ ರುಬ್ಬುವ ಒಳಕಲ್ಲಿನ ಮೇಲೆ ಬಿದ್ದು ನನ್ನ ಗದ್ದ ಸೀಳಿತ್ತು, ಆ ಕಲೆ ಇನ್ನೂ ಇದೆ.

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಹತ್ತಿ ಜಿನ್ನಿಗೆ ಕೂಲಿಗೆ ಹೋಗುತ್ತಿದ್ದೆವು. ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳು ಒಮ್ಮೆ ಶುರುವಾದರೆ ಪಕ್ಕದಲ್ಲಿ ನಿಂತವಳು ಅರಚಿದರೂ ಕೇಳದು. ಅಲ್ಲಿ ಎಲ್ಲ ಹೆಂಗಸರೂ ಕಿವುಡಿಯರೇ, ಎಲ್ಲರೂ ಕೈಯಲ್ಲೇ ಮಾತಾಡಬೇಕು. ಇಲ್ಲದ ಮೀಸೆ ತಿರುವಿದರೆ ಕೂಲಿಯವರ ಮೇಲೆ ಕಣ್ಣಿಡುವ ಮುಕಾದಮ ಬಂದ ಎಂದರ್ಥ. ದೂರದವಳನ್ನು ಕರೆಯಬೇಕಾದರೆ ಒಂದು ಹತ್ತಿಕಾಳು ತೆಗೆದು ಅವಳ ಬೆನ್ನಿಗೆ ಎಸೆಯುವುದು ಜಿನ್ನಿನ ರೂಢಿ. ಬೇರೆ ಹೆಂಗಸರು ಹತ್ತು ಸಲ ಕೈ ಬೀಸಿ ತಿಳಿಸಲಾಗದ್ದನ್ನು ಅಕ್ಕ ಒಂದು ಬೆರಳಲ್ಲಿ ತಿಳಿಸುತ್ತಿದ್ದಳು. ಜಿನ್ನಿನಲ್ಲಿ ಅವಳೇ ರಾಣಿ. ಹೊರಗೆ ಬಂದ ಕೂಡಲೇ ಮತ್ತೆ ಕಿವುಡಿ, ಮತ್ತೆ ನಾನು ಬೇಕು. ಸುಳ್ಳು ಯಾಕೆ ಹೇಳಲಿ, ನನಗೆ ಜಿನ್ನಿಗಿಂತ ಹೊರಗೇ ಇಷ್ಟವಾಗುತ್ತಿತ್ತು. ಸೆರಗಿನ ತುದಿಗೆ ಒಂದಿಷ್ಟು ಹತ್ತಿಕಾಳು ಕಟ್ಟಿಕೊಂಡು ಬಂದು ಮನೆಯಲ್ಲೂ ಅವಳನ್ನು ಹಾಗೆಯೇ ಕರೆಯುತ್ತಿದ್ದೆ. ಬೆನ್ನಿಗೆ ಕಾಳು ಬಿದ್ದರೆ ಯಾರು ಎಂದು ಅವಳು ಕೇಳುತ್ತಿರಲಿಲ್ಲ. ಗದ್ದಕ್ಕೆ ಹೆಬ್ಬೆರಳು ಇಟ್ಟುಕೊಂಡೇ ತಿರುಗುತ್ತಿದ್ದಳು.

ಮುಂದೆ ನನ್ನನ್ನು ಮಾನ್ವಿಗೆ ಕೊಟ್ಟರು. ಗಂಡ ಪ್ರಾಥಮಿಕ ಶಾಲೆಯ ಮಾಸ್ತರ. ಏಳನೆಯ ಇಯತ್ತೆಗೆ ನಿಂತಿದ್ದ ನನ್ನ ಓದನ್ನು ಅವರೇ ಮುಂದೆ ದೂಡಿ, ಕೊನೆಗೆ ಹತ್ತಿರದ ಕಲ್ಲೂರಿನ ಶಾಲೆಯಲ್ಲಿ ನನ್ನನ್ನೂ ಮೇಷ್ಟ್ರಮ್ಮನನ್ನಾಗಿ ಮಾಡಿದರು. ಆ ಕಥೆ ಇರಲಿ. ನಾನು ಹೊಸ್ತಿಲು ದಾಟಿ ಹೊರಗೆ ಹೋದ ವರ್ಷವೇ ಅಣ್ಣನ ಹೆಂಡತಿ ಅದೇ ಹೊಸ್ತಿಲು ದಾಟಿ ಒಳಗೆ ಬಂದಳು. ದೇವದುರ್ಗದ ಹುಡುಗಿ. ವಯಸ್ಸಿನಲ್ಲಿ ಅಕ್ಕನಿಗಿಂತ ಚಿಕ್ಕವಳಾದ್ದರಿಂದ ಅವಳೂ ಅಕ್ಕನನ್ನು ‘ಯಕ್ಕಾ’ ಎಂದೇ ಕರೆದಳು. ಅಲ್ಲಿಯವರೆಗೆ ಆ ಮನೆಯಲ್ಲಿ ಆ ಮಾತಿಗೆ ಹಕ್ಕುದಾರಳು ನಾನೊಬ್ಬಳೇ.

ಗಂಡನ ಮನೆಗೆ ಹೋಗುವ ಮುಂಚೆ ಅತ್ತಿಗೆಗೆ ನಾನು ಕೆಲವು ಗುರುತು ಹೇಳಿಕೊಟ್ಟೆ. ಊಟ, ನೀರು, ಕೆಲಸ, ಹೊಟ್ಟೆನೋವು, ಅಷ್ಟೇ. ಒಳಗಿನ ಮಾತು ಒಂದೂ ಕೊಡಲಿಲ್ಲ. ಬಾವಿ ತೋರಿಸಬಹುದು, ಹಗ್ಗವನ್ನೂ ನಾನೇ ಯಾಕೆ ಕೊಡಲಿ? ನನ್ನ ಲೆಕ್ಕದಲ್ಲಿ, ನಾನಿಲ್ಲದೆ ಅಕ್ಕ ನಾಲ್ಕು ದಿನಕ್ಕೆ ಕಂಗಾಲಾಗಬೇಕು, ಮಾನ್ವಿಗೆ ಹೇಳಿಕಳಿಸಬೇಕು.

ಯಾರೂ ಹೇಳಿಕಳಿಸಲಿಲ್ಲ. ಎಂಬತ್ತರ ದಶಕ ಹುಟ್ಟಿದ ಹೊಸದರಲ್ಲಿ ಒಂದು ನಾಗರಪಂಚಮಿಗೆ ತವರಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ನನಗೆ ಬೆನ್ನು ಮಾಡಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಸೆರಗಿನ ಗಂಟು ಬಿಚ್ಚಿ ಒಂದು ಹತ್ತಿಕಾಳು ಎಸೆದೆ. ಅದೇ ಹೊತ್ತಿಗೆ ಒಳಗಿನಿಂದ ಅತ್ತಿಗೆಯ ದನಿ ಬಂತು.

“ಯಕ್ಕಾ, ಉಂಡಿಗೆ ಬೆಲ್ಲ ಸಾಕೇನ ನೋಡ ಬಾ.”

ಅಕ್ಕ ತಿರುಗಿದಳು. ನನ್ನ ಕಡೆಗಲ್ಲ, ಅಡುಗೆಮನೆಯ ಕಡೆಗೆ! ಬೆನ್ನ ಹಿಂದಿನ ಮಾತಿಗೆ ಅವಳು ತಿರುಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇರೆ ಯಾವ ತಂಗಿಯಾದರೂ ಕೈಮುಗಿದು ಅಳುತ್ತಿದ್ದಳೇನೋ. ನನಗೆ ಮಾತ್ರ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಯಿತು. ನಾನೆಸೆದ ಕಾಳು ಅವಳ ಬೆನ್ನಿಗೆ ತಾಗಿ ಶೇಂಗಾ ಸಿಪ್ಪೆಯಲ್ಲಿ ಬಿದ್ದಿತ್ತು.

ಅವಳ ಕೊರಳಲ್ಲಿ ಹಳೆಯ ಧೋತರದ ಬಟ್ಟೆಯ ಒಂದು ಚೀಲ, ಚೀಲದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ, ಪೆಟ್ಟಿಗೆಯಿಂದ ಒಂದು ವೈರು ಹೊರಟು ಕಿವಿಯೊಳಗೆ ಹೋಗಿತ್ತು. ಯಾವುದೋ ಶಾಲೆಯಲ್ಲಿ ಕಿವಿಯ ಡಾಕ್ಟರರು ಶಿಬಿರ ಇಟ್ಟಿದ್ದರಂತೆ. ಅತ್ತಿಗೆ ಕರೆದುಕೊಂಡು ಹೋಗಿದ್ದಳು.

“ನನಗೊಂದು ಮಾತು ಹೇಳಿಕಳಿಸಾಕ ಆಗಲಿಲ್ಲೇನು ಅತ್ತಿಗಿ?”

“ಎಲ್ಲಾ ಜಲ್ದಿ ಜಲ್ದಿ ಆತವಾ. ಮುಂಜಾನಿ ತಿಳೀತು, ಮಧ್ಯಾಹ್ನ ಕರಕೊಂಡು ಹೋದ್ನಿ.”

“ಅಲ್ಲಿ ಡಾಕ್ಟರ್ ಮುಂದ ಅಕ್ಕನ ಮಾತು ಯಾರ ಹೇಳಿದ್ರು?”

“ಯಾರ ಅದಾರ? ನಾನೇ ಹೇಳಿದ್ನಿ. ತಿಳದಷ್ಟು ಹೇಳಿದ್ನಿ,” ಎಂದು ನಕ್ಕಳು. ಆ ನಗುವಿನಲ್ಲಿ ಏನೂ ಇರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಅವ್ವ ಸುದ್ದಿಯೆಲ್ಲ ಹೇಳಿದಳು. ಪೆಟ್ಟಿಗೆ ಹಾಕಿದ ದಿನ ಅಕ್ಕ ಮೊದಲು ಅವ್ವನ ದನಿ ಕೇಳಿದಳಂತೆ. ಕೇಳಿ ಸಂಜೆಯವರೆಗೂ ಅತ್ತಳಂತೆ. ಸಂತೋಷಕ್ಕೆ ಅತ್ತಳು ಎಂದು ಓಣಿಯ ಹೆಂಗಸರೆಲ್ಲ ಕಣ್ಣೊರೆಸಿಕೊಂಡರಂತೆ. ಇದನ್ನು ಕೇಳಿ ನನಗೂ ತಡೆಯಲಾಗಲಿಲ್ಲ. ಅಕ್ಕನ ಎದುರು ಕುಳಿತು, ಪೆಟ್ಟಿಗೆಯ ಹತ್ತಿರ ಬಾಗಿ, “ಯಕ್ಕಾ” ಎಂದೆ.

ಅವಳ ಕಣ್ಣು ಅಗಲವಾದವು. ನನ್ನ ತುಟಿ ನೋಡಿದಳು, ಮುಖ ನೋಡಿದಳು, ಸಂತೆಯಲ್ಲಿ ಮಗುವಿನ ಕೈ ತಪ್ಪಿದವಳ ಹಾಗೆ ಅತ್ತ ಇತ್ತ ನೋಡಿದಳು. ಆಮೇಲೆ ಪೆಟ್ಟಿಗೆಯ ಗುಂಡಿ ತಿರುವಿ ಬಂದ್ ಮಾಡಿ, ಕಿವಿಯಿಂದ ವೈರು ಕಿತ್ತು, ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿದಳು. ಗದ್ದಕ್ಕೆ ಹೆಬ್ಬೆರಳು ಮುಟ್ಟಿಸಿ, ಮಾನ್ವಿಯ ಅತ್ತೆ ಹೇಗಿದ್ದಾಳೆ, ಇನ್ನೂ ಕಾಟ ಕೊಡುತ್ತಾಳೇನು ಎಂದು ಕೈಯಲ್ಲೇ ಕೇಳಿದಳು. ಹೊಸದಲ್ಲವೇ, ಕಿವಿ ನೊಂದಿರಬೇಕು ಎಂದುಕೊಂಡೆ.

ಅವಳ ಬದುಕು ಬದಲಾದದ್ದು ಖರೆ. ಕಿವಿ ಬಂದದ್ದೇನು ಹಬ್ಬದ ಹಾಗಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಅವಳಿಗೆ ಎಲ್ಲವೂ ಒಂದೇ ಗದ್ದಲ. ಕೊಡ ಇಟ್ಟದ್ದೂ, ನಾಯಿ ಬೊಗಳಿದ್ದೂ, ಅಣ್ಣ ಕೆಮ್ಮಿದ್ದೂ ಬೇರೆ ಬೇರೆ ಎಂದು ತಿಳಿಯುತ್ತಿರಲಿಲ್ಲ. ಸಂಜೆಯಾದರೆ ತಲೆ ಹಿಡಿದುಕೊಂಡು ಕೂರುತ್ತಿದ್ದಳು. ಅತ್ತಿಗೆ ಅವಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಹಿಂದೆ ನಿಂತು ತಾಟು ಬಡಿಯುವಳು, ಮೊರದಲ್ಲಿ ಜೋಳ ಕೇರುವಳು, ಬಾಗಿಲು ಎಳೆಯುವಳು. ಇದು ಯಾವುದು, ಹೇಳು. ತಪ್ಪಿದರೆ ತಿರುಗಿಸಿ ತೋರಿಸಿ ಮತ್ತೆ ಅದೇ ಸದ್ದು. ಹಾಗೆ ತಿಂಗಳುಗಟ್ಟಲೆ. ಈಗ ಕಿವಿಯ ಹಿಂದೆ ಕೊಯ್ದು ಒಳಗೇ ಯಂತ್ರ ಕೂರಿಸುತ್ತಾರಂತೆ. ಚಿಕ್ಕಂದಿನಿಂದ ಕೇಳದವರು ದೊಡ್ಡವರಾದ ಮೇಲೆ ಅದನ್ನು ಹಾಕಿಸಿಕೊಂಡರೆ ಅವರಿಗೂ ಮೊದಲು ಬರೀ ಗದ್ದಲವೇ ಅಂತೆ, ಅದರೊಳಗಿಂದ ಮಾತು ಹೆಕ್ಕುವುದನ್ನು ಯಾರಾದರೂ ಎದುರು ಕುಳಿತು ಕಲಿಸಬೇಕಂತೆ. ನಮ್ಮ ಮನೆಯಲ್ಲಿ ಆ ಕೆಲಸ ಅತ್ತಿಗೆ ಮಾಡಿದಳು. ಹೊಗಳಬೇಕಾದ್ದನ್ನು ಹೊಗಳಿದ್ದೇನೆ, ಇಷ್ಟು ಸಾಕು.

ಜಿನ್ನಿನಲ್ಲಿ ಪೆಟ್ಟಿಗೆ ಹಾಕಿಕೊಂಡರೆ ತಲೆ ಒಡೆಯುವಂಥ ಸದ್ದು. ತೆಗೆದಿಟ್ಟು ಹೋದರೆ ಕಲಿತದ್ದು ಮರೆಯುತ್ತದೆ ಎಂದು ಅತ್ತಿಗೆಯ ತಕರಾರು. ಅಕ್ಕ ಜಿನ್ನು ಬಿಟ್ಟಳು. ಇಬ್ಬರೂ ಸೇರಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡತೊಡಗಿದರು. ಅತ್ತಿಗೆ ಒಲೆಯ ಮುಂದೆ, ಅಕ್ಕ ಬಾಗಿಲಲ್ಲಿ. ಯಾರಿಗೆ ಎಷ್ಟು ರೊಟ್ಟಿ, ಕಡಕ್ಕೋ ಮೆತ್ತಗೋ ಎಂದು ಅಕ್ಕನೇ ಕೇಳಿಕೊಳ್ಳುವಳು, ತನ್ನ ದಪ್ಪ ಮಾತಿನಲ್ಲೇ ಉತ್ತರ ಕೊಡುವಳು. ತನ್ನ ದನಿ ತನಗೆ ಕೇಳತೊಡಗಿದ ಮೇಲೆ ಆ ಮಾತೂ ತೆಳುವಾಗುತ್ತಾ ಬಂತು. ಸಂತೆಗೆ ಒಬ್ಬಳೇ ಹೋಗಿ ಬದನೆಕಾಯಿ ಚೌಕಾಶಿ ಮಾಡಿ ಬರುವಳು. ಯಾರೋ ಹಿಂದಿನಿಂದ ಕಿವುಡಿ ಎಂದರೆ ತಿರುಗಿ ನಿಂತು ನೋಡುವಳು. ಅಂದವರು ತಲೆ ತಗ್ಗಿಸಿಕೊಂಡು ಹೋಗುವರು. ಓಣಿಯವರು ಅವಳನ್ನು ‘ರೊಟ್ಟಿ ಅಕ್ಕಾ’ ಎನ್ನತೊಡಗಿದರು. ‘ಕಿವುಡಿ ಬಾಯಿ’ ಯಾರಿಗೂ ನೆನಪಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು?

ಇಷ್ಟನ್ನೂ ನುಂಗಿಕೊಂಡೇನು. ನುಂಗಲಾಗದ್ದು ಒಂದೇ. ಪಂಚಮಿಗಾಗಲಿ, ಶಾಲೆಯ ರಜೆಗಾಗಲಿ, ನಾನು ಯಾವಾಗ ಹೋದರೂ, ನನ್ನನ್ನು ಕಂಡ ಕೂಡಲೇ ಅಕ್ಕ ಆ ಪೆಟ್ಟಿಗೆಯನ್ನು ತೆಗೆದು ಮೊಳೆಗೆ ಹಾಕುತ್ತಿದ್ದಳು. ಖಾನಾವಳಿಯ ಮಾಣಿಯ ಮಾತಿಗೆ ಅವಳ ಕಿವಿ ಇದೆ. ಹಾಲಿನವನಿಗೆ ಇದೆ. ದೇವದುರ್ಗದಿಂದ ಬಂದ ಅತ್ತಿಗೆಯ ಅವ್ವ ಕುಳಿತು ಊರ ಪುರಾಣ ಹೇಳಿದರೆ ಅದಕ್ಕೂ ಇದೆ. ಒಡಹುಟ್ಟಿದ ತಂಗಿಗೆ ಮಾತ್ರ ಇಲ್ಲ!

ಮಾನ್ವಿಗೆ ಬಂದು ಗಂಡನ ಮುಂದೆ ಕೂಗಾಡಿದೆ.

“ಪೆಟ್ಟಿಗಿ ಶೆಲ್ ಉಳಿಸಾಕತ್ತಾಳ,” ಎಂದರು ಅವರು. “ನೀ ಮಾತಾಡಾಕ ಕುಂತರ ಒಂದು ಶೆಲ್ಲಿನಾಗ ಮುಗೀತದೇನು?”

ಮುಂದಿನ ಸಲ ಹೋಗುವಾಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಶೆಲ್ಲುಗಳನ್ನು ಪೊಟ್ಟಣಗಟ್ಟಲೆ ಕೊಂಡೆ. ನನ್ನ ಹೊಸ ಇಳಕಲ್ ಸೀರೆಯ ಸೆರಗಿನಿಂದ ಒಂದು ತುಂಡು ಕತ್ತರಿಸಿ ಪೆಟ್ಟಿಗೆಗೆ ಚೀಲವನ್ನೂ ಹೊಲಿದೆ. ಅತ್ತಿಗೆ ಹೊಲಿದುಕೊಟ್ಟ ಆ ಮಾಸಲು ಧೋತರದ ಚೀಲ ನೋಡಿದರೆ ನನಗೆ ಮೈಯೆಲ್ಲ ಮುಳ್ಳು. ಅಕ್ಕ ಶೆಲ್ಲು ತೆಗೆದಿಟ್ಟುಕೊಂಡಳು, ಚೀಲವನ್ನು ಕೆನ್ನೆಗೆ ಒತ್ತಿಕೊಂಡಳು, ಚೆಂದ ಎಂದಳು. ಮರುದಿನ ಬೆಳಿಗ್ಗೆ ನೋಡಿದರೆ ಅವಳ ಕೊರಳಲ್ಲಿ ಮತ್ತೆ ಧೋತರದ ಚೀಲವೇ.

“ಅದು ಹೊಸಾ ಸೀರಿ ನೋಡವಾ, ಗರಿಗರಿ ಅಂತದ,” ಅತ್ತಿಗೆ ಸಮಾಧಾನ ಹೇಳಲು ಬಂದಳು. “ಚೀಲ ಸರದಾಡಿದರ ಯಕ್ಕನ ಕಿವ್ಯಾಗ ಬರೇ ಅದರದೇ ಸದ್ದು. ಹಳಿ ಧೋತರ ಆದ್ರ ಸುಮ್ನಿರ್ತದ.”

ಅಕ್ಕನ ಕಿವಿಗೆ ಏನು ಚುಚ್ಚುತ್ತದೆ, ಏನು ಹಿತ ಎಂದು ಈಗ ಇವಳು ನನಗೆ ಹೇಳಬೇಕು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅಂದು ಊಟ ಮಾಡದೆ ಬಸ್ಸು ಹತ್ತಿದೆ.

ಮರುವರ್ಷ ಅವ್ವ ತೀರಿಕೊಂಡಳು. ಅಕ್ಕ ದಿನಗಟ್ಟಲೆ ಪೆಟ್ಟಿಗೆ ಮುಟ್ಟಲಿಲ್ಲ, ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂರುತ್ತಿದ್ದಳು. ಆಗಲೂ ನಾನು, ಈಗಲಾದರೂ ಅವಳಿಗೆ ನಾನು ಬೇಕಾಗುತ್ತೇನೆ ಎಂದು ಕಾದೆ. ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ಆದರೆ ಕಿವಿ ಮೊಳೆಯಲ್ಲೇ ಇತ್ತು.

ಇದೆಲ್ಲ ಒಡೆದದ್ದು ದೇವದುರ್ಗದಲ್ಲಿ. ಅತ್ತಿಗೆಯ ತಂಗಿಯ ಕೂಸಿಗೆ ತೊಟ್ಟಿಲ ಕಾರ್ಯ ಇತ್ತು, ನಮ್ಮೆಲ್ಲರನ್ನೂ ಕರೆದಿದ್ದರು. ಮಧ್ಯಾಹ್ನದ ಹೊತ್ತು, ತೊಟ್ಟಿಲ ಸುತ್ತ ಹೆಂಗಸರು ಕುಳಿತು ಜೋಗುಳ ಹಾಡುತ್ತಿದ್ದರು. ಅಕ್ಕ ಅತ್ತಿಗೆಗೆ ಅಂಟಿ ಕುಳಿತು, ಪೆಟ್ಟಿಗೆಯನ್ನು ಅಂಗೈಯಲ್ಲಿ ಹಿಡಿದು ಹಾಡಿದವರ ಕಡೆಗೆ ತಿರುಗಿಸುತ್ತಾ ಕೇಳುತ್ತಿದ್ದಳು. ಮುಖದಲ್ಲಿ ಎಂಥ ಕಳೆ! ನಾನು ಹೋಗಿ ಅವಳ ಇನ್ನೊಂದು ಬದಿಗೆ ಕುಳಿತೆ. ಕುಳಿತು, ಎಲ್ಲರ ಜೊತೆ ಹಾಡಿಗೆ ದನಿಗೂಡಿಸಿದೆ. ಶಾಲೆಯಲ್ಲಿ ಪ್ರಾರ್ಥನೆ ಹೇಳಿಸುವವಳು ನಾನು, ದನಿ ಕೆಟ್ಟದ್ದೇನಲ್ಲ.

ಅಕ್ಕ ಥಟ್ಟನೆ ವೈರು ಕಿತ್ತಳು.

ಅಷ್ಟು ಹೆಂಗಸರ ಮುಂದೆ. ತೊಟ್ಟಿಲ ಆ ಕಡೆ ಕುಳಿತಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಇಟ್ಟುಕೊಂಡು, “ತಂಗಿ ದನಿ ಅಂದ್ರ ಅಷ್ಟು ಅಂಜಿಕೇನಬೇ ನಿನಗ?” ಎಂದಳು. ಎಲ್ಲರೂ ಗೊಳ್ಳೆಂದರು.

ನಾನು ಅಕ್ಕನ ರಟ್ಟೆ ಹಿಡಿದು ಎಬ್ಬಿಸಿ ಹಿತ್ತಲಿಗೆ ಎಳೆದುಕೊಂಡು ಹೋದೆ. ಬಣವೆಯ ಪಕ್ಕ ನಿಲ್ಲಿಸಿ, ನನ್ನ ಕೈಯಿಂದಲೇ ಅವಳ ಕಿವಿಗೆ ವೈರಿನ ತುದಿಯ ಗುಂಡನ್ನು ತುರುಕಿ, ಪೆಟ್ಟಿಗೆಯ ಗುಂಡಿ ತಿರುವಿದೆ.

“ಈಗ ಕೇಳು. ಊರ ಮಂದಿದೆಲ್ಲಾ ಕೇಳ್ತಿ, ನಂದು ಯಾಕ ಬ್ಯಾಡ? ನಾ ನಿನಗೇನ ಮಾಡೀನಿ? ಇಷ್ಟು ವರ್ಷ ನಿನ್ನ ಬಾಯಾಗಿ ಸತ್ತೀನಿ, ಅಕಿ ನಿನ್ನೆ ಮೊನ್ನೆ ಬಂದಾಕಿ! ಅಕಿ ದನಿ ಜೇನು, ನನ್ನ ದನಿ ವಿಷ ಏನು?”

ಅಕ್ಕ ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿದಳು. ಆಮೇಲೆ ಒಂದು ಕೈ ತೆಗೆದು ಪೆಟ್ಟಿಗೆ ಬಂದ್ ಮಾಡಿದಳು, ವೈರು ಸುತ್ತಿದಳು. ಬಣವೆಗೆ ಒರಗಿ ಕುಳಿತು ನನ್ನನ್ನೂ ಕೂರಿಸಿದಳು. ನಾನು ನೋಡನೋಡುತ್ತಲೇ ಅವಳ ಕೈ ಮಾತು ಶುರುಮಾಡಿತು. ನಡುನಡುವೆ ಬಾಯಿಯಿಂದಲೂ ಒಂದೊಂದು ಶಬ್ದ.

ಮೊದಲು ಮೊಣಕಾಲು ಸವರಿದಳು. ಅವ್ವ. ಜ್ವರಕ್ಕಿಂತ ಮೊದಲು ಕೇಳಿದ್ದ ಅವ್ವನ ದನಿ, ಎಳೆಯ ಅವ್ವನದು, ತನ್ನ ತಲೆಯೊಳಗೆ ಅಷ್ಟೂ ವರ್ಷ ಇತ್ತು ಎಂದಳು. ಅವ್ವನ ತುಟಿ ಅಲುಗಿದರೆ ಸಾಕು, ಆ ದನಿಯೇ ಒಳಗೆ ಮಾತಾಡುತ್ತಿತ್ತು. ಪೆಟ್ಟಿಗೆ ಹಾಕಿದ ದಿನ ಅವ್ವನ ಬಾಯಿಂದ ಬೇರೆ ಯಾವುದೋ ದನಿ ಬಂತು. ತಗಡಿನ ಮೇಲೆ ಉಗುರೆಳೆದಂಥದ್ದು, ಮುದುಕಿಯದು. ಆ ದಿನದಿಂದ ಹಳೆಯದು ಅಳಿಸಿಹೋಯಿತು. ಅದಕ್ಕೇ ತಾನು ಸಂಜೆಯವರೆಗೆ ಅತ್ತದ್ದು. ಅವ್ವ ಸತ್ತ ಮೇಲೆ ಕಣ್ಣು ಮುಚ್ಚಿ ಎಷ್ಟು ಹುಡುಕಿದರೂ ಸಿಗುವುದು ಪೆಟ್ಟಿಗೆಯ ಅವ್ವನೇ.

“ಹ್ವಾದಳು,” ಎಂದಳು ಬಾಯಿಬಿಟ್ಟು. “ಅವ್ವ ಎಲ್ಡ್ ಸಲ ಹ್ವಾದಳು.”

ಆಮೇಲೆ ಹೆಬ್ಬೆರಳನ್ನು ಗದ್ದಕ್ಕೆ ಮುಟ್ಟಿಸಿದಳು. ನಾನು. ಅದೇ ಕೈಯನ್ನು ನೆಲದಿಂದ ನಾಲ್ಕು ಗೇಣು ಮೇಲೆ ಹಿಡಿದಳು. ಇಷ್ಟೆತ್ತರದ ನಾನು. ತಲೆಯ ಹತ್ತಿರ ಕುಳಿತು, ಏಳು, ಆಡಲು ಹೋಗೋಣ ಎಂದು ರಗಳೆ ಮಾಡುವ ನಾನು. ತಾನು ಕೇಳಿದ ಕೊನೆಯ ದನಿ ಅದೇ ಎಂದಳು. ಅದು ಇನ್ನೂ ಇದೆ ಎಂದು ಮುಷ್ಟಿಯನ್ನು ಎದೆಗೆ ಒತ್ತಿ ಹಿಡಿದಳು. ಅವಳ ಕೈ ಹೇಳಿತು: ನೀನು ಮಾತಾಡಿದಾಗಲೆಲ್ಲ, ಮಾನ್ವಿಯ ಸುದ್ದಿ, ಅತ್ತೆಯ ಕಾಟ, ಶಾಲೆಯ ಸುದ್ದಿ ಏನೇ ಹೇಳಿದರೂ, ನನಗೆ ಕೇಳುವುದು ಆ ದನಿಯಲ್ಲೇ. ಪೆಟ್ಟಿಗೆ ಹಾಕಿದರೆ ನಿನ್ನ ಬಾಯಿಂದ ಯಾರೋ ಹೆಂಗಸು ಮಾತಾಡುತ್ತಾಳೆ. ಅವಳು ಮಾತಾಡಿದರೆ ಆ ಕೂಸು ಸುಮ್ಮನಾಗುತ್ತದೆ.

ಹಾಗಾದರೆ ಅತ್ತಿಗೆ? ನಾನು ಕೈಯಲ್ಲೇ ಕೇಳಿದೆ. ಅವಳ ಗುರುತು ನನಗೆ ಗೊತ್ತಿರಲಿಲ್ಲ, ರೊಟ್ಟಿ ಬಡಿಯುವ ಹಾಗೆ ಕೈಮಾಡಿ ತೋರಿಸಿದೆ. ಅಕ್ಕ ನಕ್ಕುಬಿಟ್ಟಳು. ಎರಡೂ ಅಂಗೈ ಬಿಚ್ಚಿ ತೋರಿಸಿದಳು, ಖಾಲಿ. ಅವಳ ದನಿ ಮೊದಲು ಎಲ್ಲಿತ್ತು, ಹೋಗುವುದಕ್ಕೆ?

ನಾನು ಅತ್ತೆನೋ ಇಲ್ಲವೋ ಎಂದು ಕೇಳಬೇಡಿ. ಒಳಗೆ ಹಾಡು ಮತ್ತೆ ಶುರುವಾಗಿತ್ತು. ಅಕ್ಕನಿಗೆ ಅದು ಬೇಕು ಎಂದು ಗೊತ್ತಿತ್ತು, ನಾನೇ ಅವಳ ಕೊರಳ ಚೀಲ ಸರಿಮಾಡಿ ಕಳಿಸಿದೆ. ಹೋಗುತ್ತಾ ಅವಳು ವೈರನ್ನು ಕಿವಿಗೆ ಸಿಕ್ಕಿಸಿಕೊಂಡಳು. ಬಾಗಿಲಲ್ಲಿ ಅತ್ತಿಗೆ ಏನೋ ಅಂದಳು, ಅಕ್ಕ ಏನೋ ಅಂದಳು, ಇಬ್ಬರೂ ನಕ್ಕರು. ಆ ಹೊತ್ತಿಗೆ ಅತ್ತಿಗೆಯ ಮೇಲೆ ನನಗೆ ಎಳ್ಳಷ್ಟೂ ಹೊಟ್ಟೆಕಿಚ್ಚು ಇರಲಿಲ್ಲ. ಪಾಪ, ಅವಳದ್ದು ಬರೀ ಪೆಟ್ಟಿಗೆಯ ದನಿ.

ಆದರೆ ನನ್ನ ಹೊಟ್ಟೆ ಸುಮ್ಮನಿರುವಂಥದ್ದಲ್ಲ. ಮದುವೆಯಾದದ್ದು, ಹೆತ್ತದ್ದು, ಓದಿದ್ದು, ಮಕ್ಕಳಿಗೆ ಪಾಠ ಹೇಳಿ ಹೇಳಿ ಗಂಟಲು ಒಡೆದದ್ದು, ಇದೆಲ್ಲ ಸೇರಿ ಆದ ನನ್ನ ದನಿಯನ್ನು ಕಲ್ಲೂರಿನ ಅರ್ಧ ಊರೇ ಗುರುತು ಹಿಡಿಯುತ್ತದೆ. ನನ್ನ ಅಕ್ಕನಿಗೆ ಅದು ಯಾರೋ ಹೆಂಗಸಿನದು. ಈಗಲೂ ರಾಯಚೂರಿಗೆ ಹೋದರೆ ಹೊಸ್ತಿಲಲ್ಲೇ ಬಾಯಿ ಮುಚ್ಚುತ್ತೇನೆ. ಸೆರಗಿನಿಂದ ಹತ್ತಿಕಾಳು ತೆಗೆದು ಅವಳ ಬೆನ್ನಿಗೆ ಎಸೆಯುತ್ತೇನೆ. ಅವಳು ಗದ್ದಕ್ಕೆ ಹೆಬ್ಬೆರಳಿಟ್ಟು ತಿರುಗಿ, ಪೆಟ್ಟಿಗೆ ತೆಗೆದು ಮೊಳೆಗೆ ಹಾಕುವವರೆಗೆ ಉಸಿರೆತ್ತುವುದಿಲ್ಲ. ಆಮೇಲೆ ನಾನು ತುಟಿ ಅಲುಗಿಸುತ್ತೇನೆ. ನನ್ನ ಅಷ್ಟೂ ಮಾತನ್ನು ಅವಳಿಗೆ ಹೇಳುವವಳು ಆ ನಾಲ್ಕು ವರ್ಷದ ಪೋರಿ. ಜಗತ್ತಿನಲ್ಲಿ ನನಗೆ ಈಗ ಹೊಟ್ಟೆಕಿಚ್ಚು ಇರುವುದು ಅವಳೊಬ್ಬಳ ಮೇಲೆ.